ಆಮೆನ್‌ಗೆ ಮುಂಚಿನ ಸಾಲು

ನಮ್ಮ ಮನೆಯಲ್ಲಿ ಆಗ ‘ನಾಳೆ’ ಎಂಬ ಮಾತನ್ನು ಯಾರೂ ಒಂಟಿಯಾಗಿ ಬಿಡುತ್ತಿರಲಿಲ್ಲ. ನಾಳೆ ಸಂತೆಗೆ ಹೋಗುವುದಿರಲಿ, ನಾಳೆ ರೊಟ್ಟಿ ಬಡಿಯುವುದಿರಲಿ, ನಾಳೆ ಕನ್ನಡ ಪರೀಕ್ಷೆ ಬರೆಯುವುದಿರಲಿ, ಅದರ ಹಿಂದೆ ‘ದೇವರ ಚಿತ್ತ ಇದ್ದರ’ ಎಂಬ ಬಾಲ ಸೇರಲೇಬೇಕು. ಮರೆತರೆ ಅಜ್ಜಿ ಒಲೆಯ ಮುಂದಿನಿಂದಲೇ ಕತ್ತು ಹೊರಳಿಸಿ ನೋಡುತ್ತಿದ್ದಳು. ಬಾಯಿಬಿಟ್ಟು ಬೈಯುತ್ತಿರಲಿಲ್ಲ. ಆ ನೋಟಕ್ಕಿಂತ ಬೈಗುಳವೇ ವಾಸಿ. ಕ್ರಿಸ್ತನನ್ನು ನಂಬಿದ ಮನೆಗಳಲ್ಲಿ ಬೆಳೆದವರಿಗೆ ನಾನು ಹೇಳುತ್ತಿರುವುದು ಚೆನ್ನಾಗಿ ಗೊತ್ತು. ಉಳಿದವರ ಮನೆಯಲ್ಲೂ ಇಂಥದೊಂದು ಮಾತು ಇದ್ದೇ ಇರುತ್ತದೆ, ದೊಡ್ಡವರು ಸುಮ್ಮನೆ ಆಡಿಬಿಡುವ, ಮಕ್ಕಳು ಮಾತ್ರ ನಿಜವೆಂದು ನಂಬಿ ನಡುಗುವ ಮಾತು.

ಯಲ್ಲಾಪುರದ ಬಸ್ ಡಿಪೋದ ಹಿಂದಿನ ಓಣಿಯಲ್ಲಿ ನಾಲ್ಕು ಬಾಡಿಗೆ ಮನೆಗಳ ಒಂದು ಸಾಲಿತ್ತು. ಅದರಲ್ಲಿ ಮೂರನೆಯದು ನಮ್ಮದು. ಅಪ್ಪ ಡಿಪೋದಲ್ಲಿ ಮೆಕ್ಯಾನಿಕ್. ಮೂಲ ಊರು ಹಾವೇರಿ ಕಡೆಯದಾದ್ದರಿಂದ ನಮ್ಮ ಮಾತು ಓಣಿಯ ಬೇರೆ ಮಕ್ಕಳಿಗೆ ನಗೆಯ ಸರಕು. ಅಪ್ಪ ಮನೆಗೆ ಬಂದರೆ ಡೀಸೆಲ್ ವಾಸನೆ ಮೊದಲು ಬರುತ್ತಿತ್ತು, ಅಪ್ಪ ಆಮೇಲೆ. ಕೈಯ ಗ್ರೀಸನ್ನು ಬಟ್ಟೆ ಸೋಪಿನಲ್ಲಿ ತಿಕ್ಕಿ ತಿಕ್ಕಿ ತೊಳೆದು, ತಲೆಗೆ ಎಣ್ಣೆ ಸವರಿಕೊಂಡು ಅವನು ಚಾಪೆಯ ಮೇಲೆ ಕೂತನೆಂದರೆ ಪ್ರಾರ್ಥನೆ ಶುರು.

ಆ ಪ್ರಾರ್ಥನೆ ನಮ್ಮ ಅಜ್ಜ ತಾನೇ ಕಟ್ಟಿ ಒಂದು ಹಳೇ ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದು. ನಾಲ್ಕೇ ಸಾಲು. ವಯಸ್ಸಿನ ಪ್ರಕಾರ ಒಬ್ಬೊಬ್ಬರು ಒಂದೊಂದು ಸಾಲು ಹೇಳಬೇಕು, ಬರೆದ ಅಜ್ಜ ಕೇಳಿಸಿಕೊಳ್ಳಬೇಕು. ಕಳೆದ ಹಗಲಿಗಾಗಿ ಕೃತಜ್ಞತೆ ಹೇಳುವುದು ಅಜ್ಜಿಯದು. ದಾರಿಯ ಮೇಲಿರುವವರನ್ನು ಕಾಪಾಡು ಎನ್ನುವುದು ಅಪ್ಪನದು, ಇಡೀ ದಿನ ಬಸ್ಸಿನ ಬ್ರೇಕು ನೋಡಿದವನ ಬಾಯಲ್ಲಿ ಅದು ಚೆನ್ನಾಗಿ ಒಪ್ಪುತ್ತಿತ್ತು. ಹಸಿದವರನ್ನೂ ಕಾಯಿಲೆ ಬಿದ್ದವರನ್ನೂ ನೆನೆಯುವುದು ಅವ್ವನದು. ಕೊನೆಯದು ಎಲ್ಲರಿಗಿಂತ ಚಿಕ್ಕವಳಾದ ನನ್ನದು: “ಎಲ್ಲವೂ ನಿನ್ನ ಚಿತ್ತದಂತೆ ಆಗಲಿ, ಕರ್ತನೇ.” ಆಗ ಎಲ್ಲರೂ ಒಟ್ಟಿಗೆ ಆಮೆನ್ ಎನ್ನುವರು, ಅವ್ವ ಊಟಕ್ಕೆ ಏಳುವಳು. ಮಾತು ಬಂದಾಗಿನಿಂದ ಆ ಸಾಲು ನನ್ನದೇ. ನನ್ನ ಮಾತು ಮುಗಿಯದೆ ಯಾರೂ ಊಟಕ್ಕೆ ಏಳುವಂತಿಲ್ಲವೆಂದು ನನಗೆ ಒಳಗೊಳಗೇ ಜಂಬವಿತ್ತು.

ಜಂಬ ಇಳಿದದ್ದು ಅಜ್ಜ ತೀರಿಕೊಂಡ ದಿನ. ನನಗಾಗ ಏಳು ವರ್ಷ. ನಮ್ಮ ಸಭೆಯ, ಅಂದರೆ ಚರ್ಚಿನ, ಅಯ್ಯನವರು ಬಂದು ಅಜ್ಜನ ಹಣೆಯ ಮೇಲೆ ಕೈಯಿಟ್ಟು ತುಂಬ ಹೊತ್ತು ಪ್ರಾರ್ಥಿಸಿದರು. ನಾನು ಹಾಸಿಗೆಯ ಕಾಲ್ದೆಸೆಯಲ್ಲಿ ನಿಂತು ಅಜ್ಜನ ಎದೆ ಏರಿಳಿಯುವುದನ್ನು ನೋಡುತ್ತಿದ್ದೆ. ಅಯ್ಯನವರು ಕೊನೆಗೆ ಹೇಳಿದ್ದು ನನ್ನದೇ ಸಾಲು. ಎಲ್ಲರೂ ಆಮೆನ್ ಎಂದರು. ಏರಿದ ಎದೆ ಇಳಿಯಿತು, ಮತ್ತೆ ಏರಲಿಲ್ಲ. ಯಾರೂ ನನಗೆ ಏನೂ ಹೇಳಿಕೊಡಲಿಲ್ಲ. ನಾನೇ ಅರ್ಥಮಾಡಿಕೊಂಡೆ. ಆ ಮಾತು ಹೇಳುವ ತನಕ ದೇವರು ಬಾಗಿಲ ಹೊರಗೆ ಕಾಯುತ್ತಿರುತ್ತಾನೆ, ಹೇಳಿದರೆ ಒಳಗೆ ಬಂದು ತನಗೆ ಬೇಕಾದವರನ್ನು ಕರೆದುಕೊಂಡು ಹೋಗುತ್ತಾನೆ. ಆಮೇಲೂ ಎರಡು ವರ್ಷ ದಿನಾ ಸಂಜೆ ಆ ಸಾಲು ಹೇಳಿದೆ, ಆದರೆ ಹೇಳಿ ಮುಗಿಸಿದ ಕೂಡಲೇ ಕಣ್ಣು ಬಿಟ್ಟು ಮೂವರೂ ಇದ್ದಾರೆಯೇ ಎಂದು ಎಣಿಸಿಕೊಳ್ಳುತ್ತಿದ್ದೆ.

ಒಂಬತ್ತನೆಯ ವರ್ಷದ ಬೇಸಿಗೆಯಲ್ಲಿ ಅವ್ವನ ಹೊಟ್ಟೆಯಲ್ಲಿ ಪಾಪು ಇತ್ತು. ನಾಲ್ಕನೆಯ ಇಯತ್ತೆಯ ಪರೀಕ್ಷೆ ಮುಗಿದಿತ್ತು. ಡಿಪೋದ ಬೇಲಿಯಾಚೆಯ ಗೇರುಮರಗಳ ಹಣ್ಣು ಬಿದ್ದು ಕೊಳೆತು ಇಡೀ ಓಣಿ ಹುಳಿಹುಳಿ ನಾರುತ್ತಿತ್ತು. ಯೇಸುವಿನ ಶ್ರಮೆಯನ್ನು ನೆನೆಯುವ ನಲವತ್ತು ದಿನಗಳು ಅವು, ಅಜ್ಜಿ ವ್ರತವೆಂದು ಚಹಾ ಬಿಟ್ಟಿದ್ದಳು, ಅದರಿಂದಾಗಿ ಬೆಳಿಗ್ಗೆ ಎಲ್ಲರ ಮೇಲೂ ಸಿಡುಕು. ಏಳನೇ ತಿಂಗಳಲ್ಲಿ ಅವ್ವನ ಕಾಲು ಬಾತುಕೊಂಡವು. ಒತ್ತಿದರೆ ಬೆರಳಿನ ಗುಳಿ ಹಾಗೇ ಉಳಿಯುತ್ತಿತ್ತು. ಒಂದು ಮಧ್ಯಾಹ್ನ ಕಣ್ಣು ಮಂಜಾಗುತ್ತಿದೆ, ತಲೆ ಸಿಡಿಯುತ್ತಿದೆ ಎಂದು ಅವ್ವ ಅಡುಗೆಮನೆಯ ಗೋಡೆ ಹಿಡಿದು ಕೂತುಬಿಟ್ಟಳು. ಇಲ್ಲಿಯ ಡಾಕ್ಟರು ಬಿಪಿ ನೋಡಿ ಕೂಡಲೇ ಹುಬ್ಬಳ್ಳಿಗೆ ಒಯ್ಯಿರಿ ಎಂದರು. ಜೀಪು ಬಂತು. ಅವ್ವ ಹತ್ತುವಾಗ ನನ್ನ ಕಡೆ ನೋಡಿ, ದೇವರ ಚಿತ್ತ ಇದ್ದರ ಲಗೂನ ಬರ್ತೇನಿ ಎಂದಳು. ಇವತ್ತಾದರೂ ಆ ಬಾಲ ಬಿಡಬಾರದಿತ್ತೇ ಅವ್ವ ಎಂದು ಅಳು ಬಂತು.

ಮರುದಿನ ಸಂಜೆ ಅಪ್ಪ ಹುಬ್ಬಳ್ಳಿಯಿಂದ ಬಟ್ಟೆ ಒಯ್ಯಲು ಬಂದ. ಚಾಪೆ ಹಾಸಿದೆವು. ಅಜ್ಜಿ ತನ್ನ ಸಾಲು ಹೇಳಿದಳು, ಅಪ್ಪ ತನ್ನದು ಹೇಳಿದ, ಅವ್ವನದನ್ನು ಅಜ್ಜಿಯೇ ಹೇಳಿದಳು. ನನ್ನ ಸರದಿ ಬಂತು. ನನ್ನ ನಾಲಿಗೆ ಏಳಲಿಲ್ಲ. ತುಟಿ ಮಾತ್ರ ಆಡಿಸಿದೆ, ಒಂದಕ್ಷರವೂ ಹೊರಗೆ ಬರಲಿಲ್ಲ. ಇಬ್ಬರೂ ಸರಿಯಾದ ಹೊತ್ತಿಗೆ ಆಮೆನ್ ಎಂದರು. ಅಪ್ಪ ಚೀಲ ಎತ್ತಿಕೊಂಡ, ಅಜ್ಜಿ ತಟ್ಟೆ ಹಾಕಿದಳು.

ಯಾರಿಗೂ ತಿಳಿಯಲಿಲ್ಲವಲ್ಲ ಎಂದು ಮೊದಲು ಜೀವ ಹಗುರಾಯಿತು. ರೊಟ್ಟಿ ಮುರಿಯುವಷ್ಟರಲ್ಲಿ ಎರಡನೆಯ ಭಯ ಬಂದು ಕೂತಿತು. ಇವರಿಗೆ ತಿಳಿಯದಿದ್ದರೇನು, ಮೇಲಿನವನಿಗೆ ತಿಳಿಯದೇ ಇರುತ್ತದೆಯೇ? ಬೈಬಲಿನ ಕಥೆಯಲ್ಲಿ ಮೀನಿನ ಹೊಟ್ಟೆಯೊಳಗೆ ಕೂತವನ ಮಾತು ಕೇಳಿಸಿಕೊಂಡವನಿಗೆ ನನ್ನ ಖಾಲಿ ಬಾಯಿ ಕಾಣಲಿಲ್ಲವೇ? ಹೇಳಿದರೆ ಅವ್ವ ಹೋಗುತ್ತಾಳೆ, ಹೇಳದಿದ್ದರೆ ದೇವರಿಗೆ ಸಿಟ್ಟು ಬಂದು ಆಗಲೂ ಅವ್ವನೇ ಹೋಗುತ್ತಾಳೆ. ಅತ್ತ ದರಿ ಇತ್ತ ಪುಲಿ ಎನ್ನುವುದನ್ನು ನಾನು ಪುಸ್ತಕದಲ್ಲಿ ಓದುವ ಮೊದಲೇ ಅನುಭವಿಸಿದ್ದೆ.

ಆಗಿನ್ನೂ ನಮ್ಮಂಥವರ ಕೈಗೆ ಮೊಬೈಲು ಬಂದಿರಲಿಲ್ಲ. ಫೋನಿದ್ದದ್ದು ಪಕ್ಕದ ಮನೆಯ ಸರಸಕ್ಕನ ಜಗುಲಿಯಲ್ಲಿ. ನಡುವೆ ಒಂದೇ ಗೋಡೆ. ಅದು ರಿಂಗಾದರೆ ನಮ್ಮನೆಯ ಗೋಡೆಯೇ ಕೂಗಿದಂತೆ ಕೇಳುತ್ತಿತ್ತು. ಸರಸಕ್ಕ ನಗುತ್ತ ಮಾತಾಡಿದರೆ ಅದು ಅವಳ ತವರಿನದು ಎಂದು ಉಸಿರು ಬಿಡುತ್ತಿದ್ದೆ. ದನಿ ತಗ್ಗಿದರೆ ಅಂಗಳಕ್ಕೆ ಓಡುತ್ತಿದ್ದೆ. ಅಂಗಳದಲ್ಲಿ ಒಬ್ಬಳೇ ಕುಂಟಾಬಿಲ್ಲೆ ಆಡುತ್ತ, ಬಿಲ್ಲೆ ನಾಲ್ಕನೆಯ ಮನೆಯಲ್ಲಿ ಬಿದ್ದರೆ ಅವ್ವ ಬರುತ್ತಾಳೆ ಎಂದುಕೊಳ್ಳುವುದು, ಗೆರೆಯ ಮೇಲೆ ಬಿದ್ದರೆ ಇದು ಲೆಕ್ಕಕ್ಕಿಲ್ಲ ಎಂದು ಮತ್ತೆ ಎಸೆಯುವುದು. ಆಡುವವಳೂ ನಾನೇ, ಮೋಸ ಮಾಡುವವಳೂ ನಾನೇ, ಹೆದರುವವಳೂ ನಾನೇ.

ಸರಸಕ್ಕ ಮಡಿಯವಳು. ನಮ್ಮ ಮನೆಯಲ್ಲಿ ನೀರು ಸಹ ಕುಡಿದವಳಲ್ಲ. ಆದರೆ ಆ ದಿನಗಳಲ್ಲಿ ದಿನಾ ಮಧ್ಯಾಹ್ನ ಹಿಂದಿನ ಗೋಡೆಯ ಮೇಲಿಂದ ಒಂದು ಪಾತ್ರೆ ಅಪ್ಪೆಹುಳಿಯೋ ತಂಬುಳಿಯೋ ಇಳಿಸಿ, ನಾನು ಉಂಡೆನೇ ಎಂದು ಕೇಳದೆ ಒಳಗೆ ಹೋಗುತ್ತಿರಲಿಲ್ಲ. ಒಂದು ದಿನ ನನ್ನ ಮುಖ ನೋಡಿ ಅಲ್ಲೇ ನಿಂತಳು.

“ಎಂತ ಆಗ್ತಿಲ್ಲೆ ಕೂಸೆ, ಹೆದ್ರಡ. ಚಂದಗುಳಿ ಗಣಪತಿಗೆ ಒಂದು ಗಂಟೆ ಕಟ್ತೆ ಹೇಳಿ ಹರಕೆ ಹೊತ್ಕಂಡಿದ್ದೆ.”

ನನಗೆ ಹೊಟ್ಟೆಕಿಚ್ಚಾಯಿತು. ಚಂದಗುಳಿಯ ಗುಡಿಯಲ್ಲಿ ಗಂಟೆಗಳು ಗೊಂಚಲುಗೊಂಚಲಾಗಿ ತೂಗುವುದನ್ನು ಶಾಲೆಯ ಗೆಳತಿಯರಿಂದ ಕೇಳಿದ್ದೆ. ಎಷ್ಟು ಸಲೀಸು! ಇದು ಬೇಕು ಎಂದು ಬಾಯಿಬಿಟ್ಟು ಕೇಳಬಹುದು, ಕೊಟ್ಟರೆ ಗಂಟೆ ಕಟ್ಟುತ್ತೇನೆ ಎನ್ನಬಹುದು. ನಮಗೋ, ನಿನಗೆ ಹೇಗೆ ಬೇಕೋ ಹಾಗೆ ಮಾಡು ಎಂದು ತಲೆ ಬಾಗಿಸುವುದಷ್ಟೇ ಗೊತ್ತು. ಅವ್ವನನ್ನು ಹಾಗೆ ಬಿಟ್ಟುಕೊಡಲು ನನಗೆ ಧೈರ್ಯವಿರಲಿಲ್ಲ. ಹಾಗೆಂದುಕೊಂಡದ್ದಕ್ಕೂ ಹೆದರಿಕೆ. ನನ್ನ ತಲೆಯೊಳಗೆ ಬಂದದ್ದೆಲ್ಲ ನಮ್ಮ ದೇವರಿಗೆ ಕೇಳಿಸುತ್ತದೆಯಲ್ಲ.

ಹೀಗೆ ಎಂಟು ಸಂಜೆ ತುಟಿ ಆಡಿಸಿದೆ, ಎಂಟು ಸಂಜೆಯೂ ಆಮೆನ್ ಬಂತು. ದಿನಾ ಸಂಜೆ ಬಸ್ಸು ಹಿಡಿದು ಬಂದುಹೋಗುತ್ತಿದ್ದ ಅಪ್ಪ ಒಂಬತ್ತನೆಯ ಸಂಜೆ ಬರಲಿಲ್ಲ. ಅವ್ವನಿಗೆ ಜಾಸ್ತಿಯಾಗಿದೆ, ಇವತ್ತು ಇಲ್ಲೇ ಇರುತ್ತೇನೆ ಎಂದು ಫೋನಿನಲ್ಲಿ ಹೇಳಿದ್ದ. ಚಾಪೆಯ ಮೇಲೆ ಅಜ್ಜಿ ಮತ್ತು ನಾನು ಇಬ್ಬರೇ. ಅಜ್ಜಿ ಮೂರು ಸಾಲನ್ನೂ ತಾನೇ ಹೇಳಿದಳು. ನಾನು ತುಟಿ ಆಡಿಸಿದೆ. ಆಮೆನ್ ಬರಲಿಲ್ಲ. ಕಣ್ಣು ಬಿಟ್ಟು ನೋಡಿದರೆ ಅಜ್ಜಿ ನನ್ನನ್ನೇ ನೋಡುತ್ತಿದ್ದಳು.

“ನೀ ಹೇಳಲಿಲ್ಲ,” ಎಂದಳು.

ಹೇಳಿದೆನೆಂದು ಸುಳ್ಳಾಡಿದೆ. ಅಜ್ಜಿ ತಲೆಯಾಡಿಸಿದಳು. ಬೈಯುತ್ತಾಳೆಂದು ನಾನು ಹೆಗಲು ಮುದುರಿಕೊಂಡು ಕೂತೆ. ಅವಳು ಬೈಯಲಿಲ್ಲ, ನನಗೆ ಅಳು ನುಗ್ಗಿ ಬಂತು.

“ಆ ಮಾತು ಹೇಳಿದ್ರ ದೇವರು ಅವ್ವನ್ನ ಒಯ್ತಾನ. ಅಜ್ಜನ್ನ ಒಯ್ದಂಗ.”

ಎಷ್ಟು ದಿನದಿಂದ ಹೇಳಿಲ್ಲ ಎಂದು ಅಜ್ಜಿ ಕೇಳಿದಳು. ಒಂಬತ್ತು ಎಂದೆ. ಅವಳ ಮುಖ ಸಣ್ಣದಾಯಿತು. “ಇಷ್ಟ ದಿನ ನಾ ಏನ ಕೇಳಿಸಿಕೊಂಡು ಆಮೆನ್ ಅಂದೆ ಹಂಗಾರ?” ಎಂದಳು. ಆ ಪ್ರಶ್ನೆ ನನಗಲ್ಲ, ತನಗೇ ಹಾಕಿಕೊಂಡದ್ದು.

ಆಮೇಲೆ ನನ್ನನ್ನು ಹತ್ತಿರ ಎಳೆದುಕೊಂಡಳು. ಅಜ್ಜಿಯ ಸೆರಗಿಗೆ ಹೊಗೆ ಮತ್ತು ಕಡ್ಲೆಹಿಟ್ಟಿನ ವಾಸನೆ. ನಿನ್ನ ಮಾತಿನಿಂದ ಅವನ ಕೈ ಬಿಚ್ಚುವುದೂ ಇಲ್ಲ, ಮುಚ್ಚುವುದೂ ಇಲ್ಲ, ನೀನು ಹುಟ್ಟುವ ಮೊದಲೂ ಅವನು ದೇವರೇ ಆಗಿದ್ದ ಎಂದಳು. ಅದು ಸಮಾಧಾನಕ್ಕೆ ಹೇಳಿದ್ದು, ನನಗೆ ಇನ್ನಷ್ಟು ಹೆದರಿಕೆಯಾಯಿತು. ಹಾಗಾದರೆ ನಾನು ಇಷ್ಟು ದಿನ ಬಾಗಿಲು ಹಿಡಿದು ನಿಂತದ್ದು ಸುಳ್ಳೇ? ಬಾಗಿಲೇ ಇರಲಿಲ್ಲವೇ? ನಾನು ಇನ್ನೂ ಜೋರಾಗಿ ಅತ್ತೆ. ಅಜ್ಜಿ, ಯೇಸುವನ್ನು ಹಿಡಿದು ಕೊಲ್ಲಲು ಸೈನಿಕರು ಬರುವ ಮೊದಲು ಅವನು ತೋಟದಲ್ಲಿ ಒಬ್ಬನೇ ಪ್ರಾರ್ಥಿಸಿದ ಸಂಗತಿ ಎತ್ತಿದಳು. ಸಂಡೇ ಸ್ಕೂಲಿನಲ್ಲಿ ನೂರು ಸಲ ಕೇಳಿದ್ದೆ. ಅಜ್ಜಿ ಹೇಳಿದ ಹಾಗೆ ಕೇಳಿರಲಿಲ್ಲ.

“ಅವಗೂ ಹೆದರಿಕಿ ಬಂದಿತ್ತು, ಮಗಳ. ಬೆವತು ಹೋಗಿದ್ದ. ಇದು ನನಗ ಬ್ಯಾಡ ಅಂತ ಮೊದಲ ಹೇಳಿದ. ಆಮ್ಯಾಲೆ ಈ ಮಾತು ಹೇಳಿದ. ನಿಮ್ಮಜ್ಜ ಕಡೀಮಾತು ಅಷ್ಟ ಬರದಿಟ್ಟ, ನಾವು ಅದನ್ನ ಗಿಳಿಹಂಗ ಹೇಳ್ಕೋತ ಬಂದ್ವಿ. ನಿನಗ ಏನ ಬೇಕೊ ಅದನ್ನ ಮೊದಲ ಹೇಳು. ಹೆದರಬ್ಯಾಡ, ಹೇಳು.”

ನಾನು ಬಿಕ್ಕುತ್ತಲೇ ಹೇಳಿದೆ. ಅವ್ವ ಬರಬೇಕು. ಅವ್ವ ಬರಲೇಬೇಕು. ಅವ್ವ ಇಲ್ಲದಿದ್ದರೆ ನನಗಾಗುವುದಿಲ್ಲ. ಮೂಗು ಒರೆಸಿಕೊಂಡು ಮತ್ತೆ ಅದನ್ನೇ ಹೇಳಿದೆ. ಅಜ್ಜಿ ಕಾಯುತ್ತಿದ್ದಳು. ಕೊನೆಗೆ ಅವಳ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಆ ಸಾಲನ್ನೂ ಹೇಳಿಬಿಟ್ಟೆ. ಹೇಳುವಾಗ ಹಲ್ಲು ಕಟಕಟ ಎನ್ನುತ್ತಿತ್ತು. ಬೇಸಿಗೆಯ ಸಂಜೆ, ಚಳಿಯೇನೂ ಇರಲಿಲ್ಲ. ಅಜ್ಜಿ ಎಷ್ಟೋ ಹೊತ್ತಿನ ಮೇಲೆ ಮೆಲ್ಲಗೆ ಆಮೆನ್ ಎಂದಳು.

ಮರುದಿನ ಬೆಳಿಗ್ಗೆ ಗೋಡೆಯಾಚೆ ಫೋನು ಕೂಗಿತು. ಸರಸಕ್ಕನ ದನಿ ತಗ್ಗಿತು. ನಾನು ಹಿತ್ತಲಿನ ಬಚ್ಚಲ ಹಿಂದೆ ಹೋಗಿ ಎರಡೂ ಕಿವಿ ಮುಚ್ಚಿಕೊಂಡು ಕೂತೆ. ಸರಸಕ್ಕ ಹುಡುಕಿಕೊಂಡು ಬಂದು ನನ್ನ ಕೈಗಳನ್ನು ಕಿವಿಯಿಂದ ಬಿಡಿಸಿದಳು. “ನಿನ್ನ ಆಯಿ ಅಡ್ಡಿಲ್ಲೆ ಕೂಸೆ. ಮಾತಾಡ್ತಾ ಇದ್ದಡ,” ಎಂದಳು. ನನ್ನನ್ನು ಮುಟ್ಟಿದ್ದು ಅದೇ ಮೊದಲು. ಅವ್ವ ಉಳಿದಿದ್ದಳು, ನಾನು ಕುಣಿಯುವುದೊಂದು ಬಾಕಿ. ಆದರೆ ಅವಳು ಒಳಗೆ ಹೋಗಿ ಅಜ್ಜಿಯ ಹತ್ತಿರ ಮತ್ತೇನೋ ಹೇಳಿದಳು, ಅಜ್ಜಿ ಅಯ್ಯೋ ಎಂದು ನೆಲದ ಮೇಲೆ ಕೂತಳು. ಗಂಡು ಕೂಸಂತೆ. ಒಂದು ತಾಸೂ ಉಳಿಯಲಿಲ್ಲವಂತೆ.

ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ನನ್ನ ನೆನಪಿಗೆ ಬಂದದ್ದು ಒಂದೇ. ಹಿಂದಿನ ಸಂಜೆ ನಾನು ಬೇಡಿದ್ದು ಅವ್ವನನ್ನು. ಮೂರು ಸಲ ಬೇಡಿದ್ದೆ, ಮೂರು ಸಲವೂ ಅವ್ವನನ್ನೇ. ಪಾಪುವನ್ನು ಮರೆತಿದ್ದೆ. ದೇವರು ನನ್ನ ಮಾತನ್ನು ಅಕ್ಷರಕ್ಕೆ ಅಕ್ಷರ ಕೇಳಿಸಿಕೊಂಡಿದ್ದ.

ಅದುವರೆಗಿನ ಭಯವನ್ನೆಲ್ಲ ಒಂದು ತಕ್ಕಡಿಯಲ್ಲಿಟ್ಟರೂ ಈ ಭಯವೇ ಜಗ್ಗುತ್ತಿತ್ತು. ಅಜ್ಜಿಗೂ ಹೇಳಲಿಲ್ಲ. ಅವ್ವ ಬರುವ ತನಕದ ಹನ್ನೊಂದು ದಿನ ಪಾಪುವಿನ ಪುಟ್ಟ ಅಂಗಿಗಳಿದ್ದ ಟ್ರಂಕಿನ ಕಡೆ ನೋಡಲಿಲ್ಲ. ಶುಭ ಶುಕ್ರವಾರದ ಆರಾಧನೆಗೆ ಹೋದಾಗಲೂ ಎಲ್ಲರೂ ಯೇಸುವಿಗಾಗಿ ಅಳುತ್ತಿದ್ದರೆ ನಾನು ನನಗಾಗಿ ಅಳುತ್ತಿದ್ದೆ. ಇದರ ನಡುವೆ ಸರಸಕ್ಕ ಚಂದಗುಳಿಗೆ ಹೋಗಿ ಗಂಟೆ ಕಟ್ಟಿ ಬಂದಳು. ಎರಡೂ ಜೀವಕ್ಕೆಂದು ಹೊತ್ತ ಹರಕೆಯಂತೆ ಅದು. ಒಂದನ್ನೇ ಕೊಟ್ಟನಲ್ಲ, ಆದರೂ ಯಾಕೆ ಕಟ್ಟಿದಿರಿ ಎಂದು ಕೇಳಿಯೇಬಿಟ್ಟೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು, ಕಟ್ಟದೆ ಇರಲು ಮನಸ್ಸಾಗಲಿಲ್ಲ ಎಂದಳು. ಸಲೀಸು ಎಂದುಕೊಂಡಿದ್ದೆನಲ್ಲ, ನನಗೆ ನಾಚಿಕೆಯಾಯಿತು.

ಅವ್ವ ಬಂದಳು. ಹೊಟ್ಟೆ ಇರಲಿಲ್ಲ, ಮೈಯೆಲ್ಲ ಆಸ್ಪತ್ರೆಯ ವಾಸನೆ. ನನ್ನನ್ನು ತಬ್ಬಿಕೊಂಡಾಗ ನಾನು ಕಟ್ಟಿಗೆಯ ಹಾಗೆ ನಿಂತಿದ್ದೆ. ಎರಡು ದಿನ ಅವಳ ಕಣ್ಣು ತಪ್ಪಿಸಿ ಓಡಾಡಿದೆ. ಮೂರನೆಯ ದಿನ ಮಧ್ಯಾಹ್ನ ಹೊಸ್ತಿಲ ಮೇಲೆ ಕೂರಿಸಿಕೊಂಡು ತಲೆ ಬಾಚತೊಡಗಿದಳು. ಮುಖ ಕಾಣದ್ದರಿಂದ ಧೈರ್ಯ ಬಂತೋ ಏನೋ.

“ಅವ್ವ, ನಾ ಪಾಪುನ ಮರತಿದ್ದೆ. ನಿನ್ನ ಅಷ್ಟ ಬೇಡಿದೆ.”

ಬಾಚಣಿಗೆ ನಿಂತಿತು. ಎಲ್ಲ ಹೇಳಿದೆ, ತುಟಿ ಆಡಿಸಿದ್ದರಿಂದ ಹಿಡಿದು. ಈಗ ಹೊಡೆಯುತ್ತಾಳೆ, ಹೊಡೆಯಲಿ ಎಂದುಕೊಂಡೆ.

“ನಾ ಅಲ್ಲಿ ಬೇಡಿದ್ದು ಆ ಕೂಸೊಂದನ್ನ,” ಎಂದಳು. “ನನ್ನ ಹೆಸರು ಒಮ್ಮೆನೂ ತಗೀಲಿಲ್ಲ. ಬೇಡಿದ್ದು ಹೋತು, ಬೇಡದ್ದು ಉಳೀತು. ನೀ ಮರತದ್ದಕ್ಕ ಏನೂ ಆಗಿಲ್ಲ, ತಿಳೀತಾ? ಯಾಕ ಅಂತ ನನಗೂ ಗೊತ್ತಿಲ್ಲ.”

ಯಾಕೆಂದು ಗೊತ್ತಿಲ್ಲ ಎಂದು ದೊಡ್ಡವರೊಬ್ಬರು ನನ್ನೆದುರು ಹೇಳಿದ್ದು ಅದೇ ಮೊದಲು. ಅವ್ವ ಮತ್ತೆ ಬಾಚತೊಡಗಿದಳು, ನನ್ನ ನೆತ್ತಿಯ ಮೇಲೆ ಹನಿ ಬೀಳುತ್ತಿತ್ತು.

ಆ ಸಂಜೆ ನಾಲ್ವರೂ ಚಾಪೆಯ ಮೇಲೆ ಕೂತೆವು. ಅಜ್ಜಿ ಮೊದಲೇ ಎಲ್ಲರಿಗೂ ಹೇಳಿದ್ದಳೋ ಏನೋ, ಅವತ್ತಿನ ಪ್ರಾರ್ಥನೆ ನಿಧಾನವಾಗಿತ್ತು. ಅಪ್ಪ ತನ್ನ ಸಾಲನ್ನು ಹೊಸದಾಗಿ ಕಲಿತವನಂತೆ ಹೇಳಿದ. ಅವ್ವ ಕಾಯಿಲೆಯವರು ಎಂಬಲ್ಲಿ ನಿಂತು ಉಸಿರೆಳೆದುಕೊಂಡು ಮುಂದುವರಿಸಿದಳು. ನನ್ನ ಸರದಿ ಬಂತು. ನಾನು ಸುಮ್ಮನಿದ್ದೆ. ಯಾರೂ ಆಮೆನ್ ಎನ್ನಲಿಲ್ಲ. ಮೂರು ಜನ ದೊಡ್ಡವರು ನನ್ನ ಬಾಯಿಂದ ಏನು ಬರುತ್ತದೆ ಎಂದು ಕಾಯುತ್ತಿದ್ದರು. ಅಡುಗೆಮನೆಯಲ್ಲಿ ಸಾರು ಕುದಿದು ಉಕ್ಕಿತು, ಯಾರೂ ಏಳಲಿಲ್ಲ. ಪಾಪು ಬೇಕಾಗಿತ್ತು ಎಂದೆ ಮೊದಲು. ಆಮೇಲೆ ನನ್ನ ಸಾಲು ಹೇಳಿದೆ. ಭಯ ಹೋಗಿರಲಿಲ್ಲ, ಈಗ ಬಾಗಿಲು ಹಿಡಿದು ನಿಂತವಳು ನಾನಲ್ಲ ಎಂದು ಮಾತ್ರ ಗೊತ್ತಾಗಿತ್ತು. ಎಲ್ಲರಿಗಿಂತ ಕೊನೆಗೆ ಬಂದದ್ದು ಅಪ್ಪನ ಆಮೆನ್.

ಅಜ್ಜಿ ಹೋಗಿ ಬಹಳ ವರ್ಷವಾಯಿತು. ಅಪ್ಪನೂ ಇಲ್ಲ. ನಾನೀಗ ಶಿರಸಿಯಲ್ಲಿದ್ದೇನೆ. ಅವ್ವ ನಮ್ಮ ಜೊತೆಗಿದ್ದಾಳೆ. ನಮ್ಮ ಸಭೆಯಲ್ಲೀಗ ಡ್ರಮ್ಮು, ಕೀಬೋರ್ಡು ಎಲ್ಲ ಇದೆ. ಪ್ರಾರ್ಥನೆಯ ಸಾಲುಗಳು ಪರದೆಯ ಮೇಲೆ ಬರುತ್ತವೆ, ನಾವು ಓದುತ್ತೇವೆ, ಅವು ಹೋಗುತ್ತವೆ. ನಾನು ಗೊಣಗುವುದಿಲ್ಲ, ನನ್ನದೂ ಅದೇ ಗಿಳಿಪಾಠ. ಮನೆಯಲ್ಲಿ ಅಜ್ಜನ ನಾಲ್ಕು ಸಾಲು ಮಾತ್ರ ಉಳಿದಿವೆ. ಮೊದಲನೆಯದು ಅವ್ವನದು, ಎರಡನೆಯದು ನನ್ನ ಗಂಡನದು, ಮೂರನೆಯದು ನನ್ನದು, ಕೊನೆಯದು ಹತ್ತು ವರ್ಷದ ಮಗಳದು. ಒಂದು ನಿಮಿಷವೂ ಹಿಡಿಯುವುದಿಲ್ಲ.

ಮೊನ್ನೆ ಅವ್ವನಿಗೆ ಎದೆನೋವು ಬಂದು ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಿದ್ದೇವೆ. ನನ್ನ ಗಂಡ ಅಲ್ಲಿದ್ದಾನೆ. ನಾನು ಬಟ್ಟೆ ಒಯ್ಯಲು ನಿನ್ನೆ ಬಂದೆ. ಸಂಜೆ ಮಗಳೂ ನಾನೂ ಪ್ರಾರ್ಥನೆಗೆ ಕೂತೆವು. ಅವ್ವನ ಸಾಲನ್ನೂ ಗಂಡನ ಸಾಲನ್ನೂ ನನ್ನದನ್ನೂ ನಾನೇ ಹೇಳಿದೆ. ಹೇಳುತ್ತಲೇ ಔಷಧಿಯ ಚೀಟಿ ಎಲ್ಲಿಟ್ಟೆ ಎಂದು ನೆನಪು ಮಾಡಿಕೊಳ್ಳುತ್ತಿದ್ದೆ. ಆಮೆನ್ ಎಂದು ಎದ್ದು ಸಾರು ಬಿಸಿಗಿಟ್ಟೆ, ಅವಳಿಗೆ ಬಡಿಸಿದೆ. ಅವಳು ಅನ್ನ ಕಲಸುತ್ತಲೇ ಇದ್ದಳು, ತುತ್ತು ಎತ್ತಲಿಲ್ಲ. ಆಗ ನನಗೆ ಹೊಳೆಯಿತು. ತನ್ನ ಸರದಿಯಲ್ಲಿ ಅವಳು ಆ ಸಾಲು ಹೇಳಿದಳೋ, ತುಟಿಯಷ್ಟೇ ಆಡಿಸಿದಳೋ, ನಾನು ಕೇಳಿಸಿಕೊಂಡಿರಲಿಲ್ಲ.